ಸ್ಕ್ರೂ ಮುರಿದದ್ದಕ್ಕೂ ಹಲಗೆ ಸೀಳಿದ್ದಕ್ಕೂ ಕಾರಣ ಒಂದೇ

ಪ್ರಶ್ನೆ: ಮನೆಯಲ್ಲೇ 18 ಎಂಎಂ ಎಂಡಿಎಫ್ ಹಲಗೆಯಿಂದ ಬಾಗಿಲಿರುವ ಒಂದು ಪುಸ್ತಕದ ಕಪಾಟು ಮಾಡಲು ಹೊರಟೆ. ಅಂಚಿಗೆ ಸ್ಕ್ರೂ ಹಾಕಿದ ಕಡೆ ಎರಡು ಜಾಗದಲ್ಲಿ ಹಲಗೆ ಸೀಳಿತು. ಬಾಗಿಲಿನ ಹಿಂಜ್ ಸ್ಕ್ರೂ ಸುಮ್ನೆ ಸುತ್ತುತ್ತಿದೆ, ಬಿಗಿಯಾಗುತ್ತಿಲ್ಲ. ಅದೇ ಡಬ್ಬಿಯ ಕಪ್ಪು ಸ್ಕ್ರೂವನ್ನು ಅಜ್ಜನ ಕಾಲದ ತೇಗದ ಬೀರುವಿನ ಹಿಂಜ್‌ಗೆ ಹಾಕಿದರೆ ತಲೆಯೇ ಮುರಿದು ಬಂತು. ತಪ್ಪು ಸ್ಕ್ರೂದೋ, ಹಲಗೆಯದೋ, ನನ್ನದೋ? ಈಗ ಕಪಾಟನ್ನು ಸರಿಮಾಡಬಹುದಾ?

ಉತ್ತರ: ತಪ್ಪು ತೂತಿನದು. ನಿಮ್ಮ ಪ್ರಶ್ನೆಯಲ್ಲಿ ಹಲಗೆ ಬಂತು, ಸ್ಕ್ರೂ ಬಂತು, ಹಿಂಜ್ ಬಂತು, ಡ್ರಿಲ್ ಬಿಟ್‌ನ ಮಾತೇ ಇಲ್ಲ. ಹಾಗಾಗಿ ತೂತು ಕೊರೆಯದೆ ನೇರವಾಗಿ ಸ್ಕ್ರೂ ಇಳಿಸಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ.

ಒಂದು ಸ್ಕ್ರೂವನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಒಂದು ಕಡ್ಡಿ, ಅದರ ಮೈಗೆ ಬಳ್ಳಿಯ ಹಾಗೆ ಸುತ್ತಿಕೊಂಡ ಥ್ರೆಡ್. ಮರವನ್ನು ಕಚ್ಚಿ ಹಿಡಿಯುವುದು ಥ್ರೆಡ್. ನಡುವಿನ ಕಡ್ಡಿ ಬರೀ ಜಾಗ ತಿನ್ನುತ್ತದೆ. ಅದು ಹೋಗಿ ಕೂತ ಜಾಗದಲ್ಲಿ ಮೊದಲು ಮರ ಇತ್ತಲ್ವಾ? ಆ ಮರ ಎಲ್ಲಿಗೆ ಹೋಗಬೇಕು? ಮೊದಲೇ ತೂತು ಕೊರೆದಿದ್ದರೆ ಹೊಟ್ಟಾಗಿ ಹೊರಗೆ ಬಂದಿರುತ್ತದೆ. ಕೊರೆಯದಿದ್ದರೆ ಪಕ್ಕಕ್ಕೆ ಒತ್ತಿಕೊಳ್ಳಬೇಕು. ಬಲಿತ ತೇಗ ಅಷ್ಟು ಸುಲಭವಾಗಿ ಪಕ್ಕಕ್ಕೆ ಸರಿಯುವುದಿಲ್ಲ, ಸ್ಕ್ರೂವನ್ನೇ ಅಪ್ಪಿ ಹಿಡಿಯುತ್ತದೆ. ಮೇಲಿಂದ ಡ್ರೈವರ್ ತಿರುಗಿಸುತ್ತಲೇ ಇರುತ್ತದೆ, ಕೆಳಗೆ ಸ್ಕ್ರೂ ನಿಂತುಬಿಟ್ಟಿರುತ್ತದೆ, ಕುತ್ತಿಗೆ ಮುರಿಯುತ್ತದೆ. ಎಂಡಿಎಫ್ ಅಂಚಿನಲ್ಲಿ ಸೋಲುವುದು ಹಲಗೆ. ಕಡ್ಡಿಗೆ ಜಾಗ ಬಿಡಲು ಹೋಗಿ ಬಾಯಿ ಬಿಡುತ್ತದೆ.

ನಮ್ಮಲ್ಲಿ ಸ್ಕ್ರೂ ‘ಹೊಡೆಯುವುದು’ ಎಂದೇ ಮಾತು. ಮಾತಿಗೆ ತಕ್ಕಂತೆ ಕೆಲಸವೂ ನಡೆಯುತ್ತದೆ. ಮುಕ್ಕಾಲು ಪಾಲು ಸುತ್ತಿಗೆಯಲ್ಲಿ ಬಡಿದು, ಕೊನೆಯ ನಾಲ್ಕು ಸುತ್ತು ಮಾತ್ರ ತಿರುಗಿಸುವವರನ್ನು ನೀವೂ ನೋಡಿರುತ್ತೀರಿ. ಕೆಲಸ ಕಲಿಯುವಾಗ ನಾನೂ ಹಾಗೇ ಮಾಡುತ್ತಿದ್ದೆ. ಒಂದು ದಿನ ನಮ್ಮ ಮೇಸ್ತ್ರಿ ನಾನು ಬಡಿದ ಸ್ಕ್ರೂವನ್ನು ಬಿಚ್ಚಿಸಿ, ಆ ರೀಪನ್ನು ತೂತಿನ ಉದ್ದಕ್ಕೇ ಕೊಯ್ದು ಕೈಗೆ ಕೊಟ್ಟರು. ಒಳಗೋಡೆಯ ನಾರೆಲ್ಲ ಹರಿದು ಕೆಳಮುಖವಾಗಿ ಮಡಚಿಕೊಂಡಿತ್ತು. ಥ್ರೆಡ್ ಕಚ್ಚಿದ ಗುರುತು ಅಲ್ಲೊಂದು ಇಲ್ಲೊಂದು. “ಇದಕ್ಕೆ ಮೊಳೆಯೇ ಸಾಕಿತ್ತು, ಸ್ಕ್ರೂ ಯಾಕೆ ದಂಡ ಮಾಡಿದೆ?” ಎಂದರು. ಸ್ಕ್ರೂಗೆ ಕನ್ನಡದಲ್ಲಿ ತಿರುಪುಮೊಳೆ ಎಂಬ ಒಳ್ಳೆಯ ಹೆಸರಿದೆ. ಓಲೆಗೂ ತಿರುಪು ಇರುತ್ತದೆ, ಅದನ್ನು ಯಾರೂ ಸುತ್ತಿಗೆಯಲ್ಲಿ ಬಡಿಯುವುದಿಲ್ಲ. ಓಲೆಯ ತಿರುಪಿನ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ.

ಈಗ ನಿಮ್ಮ ಹಲಗೆಗೆ ಬರೋಣ. ಮರದ ಚೂರುಗಳನ್ನು ಹಬೆಯಲ್ಲಿ ಮೆದುಮಾಡಿ, ಹತ್ತಿಯಂತೆ ನಾರು ನಾರಾಗಿ ಬಿಡಿಸಿ, ಅಂಟು ಬೆರೆಸಿ, ಬಿಸಿ ಪ್ರೆಸ್‌ನಲ್ಲಿ ಒತ್ತಿದರೆ ಎಂಡಿಎಫ್. ಒತ್ತುವುದು ಮೇಲಿಂದ ಕೆಳಕ್ಕೆ. ಹಾಗಾಗಿ ನಾರೆಲ್ಲ ಮಲಗಿಕೊಂಡಿರುತ್ತದೆ. ಪ್ರೆಸ್‌ನ ಬಿಸಿ ಮೊದಲು ತಾಕುವ ಎರಡು ಮೈಗಳು ಹೆಚ್ಚು ಗಟ್ಟಿ, ನಡುಭಾಗ ಅದಕ್ಕಿಂತ ಸಡಿಲ. ಮೈಯಲ್ಲಿ ಹಾಕಿದ ಸ್ಕ್ರೂ ಈ ಮಲಗಿದ ನಾರನ್ನು ಅಡ್ಡಕ್ಕೆ ದಾಟಿ ಹೋಗುತ್ತದೆ, ಹಿಡಿತ ಚೆನ್ನಾಗಿಯೇ ಸಿಗುತ್ತದೆ. ಅಂಚಿನಲ್ಲಿ ಹಾಕಿದ್ದು ನಾರುಗಳ ನಡುವೆ, ಅದೂ ಸಡಿಲವಾದ ಭಾಗಕ್ಕೇ ತೂರುತ್ತದೆ. ಚಿರೋಟಿಯ ಪಕ್ಕದಿಂದ ಚಮಚದ ಹಿಡಿ ಚುಚ್ಚಿ ನೋಡಿ, ಪದರ ಹೇಗೆ ಬಿಚ್ಚಿಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ. ನಿಮ್ಮ ಹಲಗೆಯ ಅಂಚಿನಲ್ಲಿ ಆಗಿರುವುದೂ ಅದೇ. ಸೀಳು ಯಾವಾಗಲೂ ಮೈಗೆ ಸಮಾನಾಂತರವಾಗಿಯೇ ಇರುತ್ತದೆ, ಗಮನಿಸಿದ್ದೀರಾ? ಕೆಲವೊಮ್ಮೆ ಸೀಳು ಹೊರಗೆ ಕಾಣುವುದೂ ಇಲ್ಲ. ಕೈ ಆಡಿಸಿದರೆ ಸ್ಕ್ರೂ ಇದ್ದ ಕಡೆ ಮೈ ಸ್ವಲ್ಪ ಉಬ್ಬಿರುತ್ತದೆ, ಬಣ್ಣ ಹೊಡೆದ ಮೇಲೆ ಎದ್ದು ಕಾಣುತ್ತದೆ.

ಪಾರ್ಟಿಕಲ್ ಬೋರ್ಡ್ ಅಂಚಿನಲ್ಲಿ ಇನ್ನೂ ಬಡಪಾಯಿ. ಅದರ ನಡುವೆ ದಪ್ಪ ಚೂರುಗಳು, ಚೂರುಗಳ ಮಧ್ಯೆ ಖಾಲಿ ಜಾಗ. ಅದು ಸೀಳುವುದಕ್ಕಿಂತ ಜಾಸ್ತಿ ಪುಡಿಯಾಗುತ್ತದೆ. ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಇರುವುದರಿಂದ ಎಷ್ಟೋ ವಾಸಿ. 710 ಗುರುತಿನ ಪ್ಲೈ ಆದರೂ ಅಂಚಿಗೆ ತೂತಿಲ್ಲದೆ ಸ್ಕ್ರೂ ಹಾಕಿದರೆ ಪದರ ಬಿಡುತ್ತದೆ. 710 ನೀರು ತಡೆಯುವ ಪ್ಲೈಯ ಐಎಸ್ ನಂಬರು, ಸ್ಕ್ರೂಗೆ ಕೊಟ್ಟ ಗ್ಯಾರಂಟಿ ಏನಲ್ಲ. ಅಂಗಡಿಯವರು ಈಗ ಎಚ್‌ಡಿಎಚ್‌ಎಂಆರ್ ಅಂತ ಒಂದು ಹಲಗೆ ತೋರಿಸುತ್ತಾರೆ. ಎಂಡಿಎಫ್‌ಗಿಂತ ಹೆಚ್ಚು ಒತ್ತಿದ್ದು, ತೇವಕ್ಕೂ ಸ್ವಲ್ಪ ತಡೆಯುತ್ತದೆ, ಸ್ಕ್ರೂ ಹಿಡಿತವೂ ಚೆನ್ನಾಗಿದೆ. ಆದರೆ ಗಟ್ಟಿ ಇದ್ದಷ್ಟೂ ತೂತು ಕೊರೆಯುವುದು ಇನ್ನೂ ಮುಖ್ಯ.

ತೂತು ಎಷ್ಟು ದಪ್ಪ? ನಂಬರಿಗಿಂತ ಮೊದಲು ಕಣ್ಣಳತೆ ಕಲಿಯಿರಿ. ಸ್ಕ್ರೂವಿನ ಮುಂದೆ ಡ್ರಿಲ್ ಬಿಟ್ ಹಿಡಿಯಿರಿ. ಬಿಟ್‌ನ ಹಿಂದೆ ನಡುವಿನ ಕಡ್ಡಿ ಪೂರ್ತಿ ಮರೆಯಾಗಬೇಕು, ಥ್ರೆಡ್ ಮಾತ್ರ ಎರಡೂ ಪಕ್ಕದಲ್ಲಿ ಹಲ್ಲಿನ ಹಾಗೆ ಕಾಣಬೇಕು. ತೇಗಕ್ಕೂ ಎಂಡಿಎಫ್ ಅಂಚಿಗೂ ಇದು ಸರಿಯಾದ ಅಳತೆ. ಮೆದು ಮರಕ್ಕೆ, ಎಂಡಿಎಫ್ ಮೈಗೆ ಕಡ್ಡಿ ಕೂದಲೆಳೆಯಷ್ಟು ಕಂಡರೂ ಪರವಾಗಿಲ್ಲ.

ನಂಬರೂ ಕೊಟ್ಟುಬಿಡುತ್ತೇನೆ. ಅಂಗಡಿಯಲ್ಲಿ ‘50 ಎಂಟು’ ಎಂದರೆ 50 ಎಂಎಂ ಉದ್ದ, 8 ಗೇಜ್ ದಪ್ಪ. 8 ಗೇಜ್ ಎಂದರೆ ಥ್ರೆಡ್ ಸೇರಿ ಸುಮಾರು 4.2 ಎಂಎಂ, 6 ಗೇಜ್ ಎಂದರೆ 3.5 ಎಂಎಂ. ಎಂಡಿಎಫ್ ಅಂಚಿಗೆ 8 ಗೇಜ್ ಹಾಕಿದರೆ 3 ಎಂಎಂ ತೂತು, 6 ಗೇಜ್ ಹಾಕಿದರೆ 2.5 ಎಂಎಂ. 18 ಎಂಎಂ ಹಲಗೆಯ ಅಂಚಿಗೆ ನಾನು 6 ಗೇಜನ್ನೇ ಇಷ್ಟಪಡುತ್ತೇನೆ. ಸ್ಕ್ರೂವಿನ ದಪ್ಪ ಹಲಗೆಯ ದಪ್ಪದ ಐದನೇ ಒಂದು ಭಾಗ ದಾಟಬಾರದು ಎಂಬ ಲೆಕ್ಕವಿದೆ, 18ಕ್ಕೆ ಅದು 3.6. ಹಿಡಿತ ಕಮ್ಮಿ ಅನ್ನಿಸಿದರೆ ದಪ್ಪ ಮಾಡಬೇಡಿ, ಉದ್ದ ಮಾಡಿ. 18 ಎಂಎಂ ಹಲಗೆಯನ್ನು ದಾಟಿ ಇನ್ನೊಂದರ ಅಂಚಿಗೆ ಹೋಗಲು 50 ಎಂಎಂ ಸ್ಕ್ರೂ ಸರಿ, 32 ಎಂಎಂ ಒಳಗೆ ಕೂರುತ್ತದೆ. ತೂತು ಸ್ಕ್ರೂವಿನ ತುದಿಗಿಂತ ಇನ್ನೂ ನಾಲ್ಕೈದು ಎಂಎಂ ಆಳ ಇರಲಿ. ಬಿಟ್‌ಗೆ ಆ ಅಳತೆಯಲ್ಲಿ ಒಂದು ಚೂರು ಇನ್ಸುಲೇಶನ್ ಟೇಪ್ ಸುತ್ತಿಕೊಂಡರೆ ಆಯಿತು. ಕೊರೆದ ಮೇಲೆ ಹೊಟ್ಟನ್ನು ಊದಿ ತೆಗೆಯಿರಿ, ಕಣ್ಣು ಮುಚ್ಚಿಕೊಂಡು. ತೂತಿನ ತಳದಲ್ಲಿ ಹೊಟ್ಟು ತುಂಬಿದ್ದರೆ ಸ್ಕ್ರೂ ಅದನ್ನೇ ಒತ್ತಿ ಒತ್ತಿ ಹಲಗೆಯನ್ನು ಉಬ್ಬಿಸುತ್ತದೆ. ಮಾಸ್ಕ್ ಹಾಕಿಕೊಳ್ಳಿ. ಎಂಡಿಎಫ್ ಪುಡಿ ಮೈದಾ ಹಿಟ್ಟಿಗಿಂತ ನುಣ್ಣಗಿರುತ್ತದೆ, ಅದರಲ್ಲಿ ಫಾರ್ಮಾಲ್ಡಿಹೈಡ್ ಅಂಟೂ ಇರುತ್ತದೆ.

ಮೂಲೆಯಿಂದ ದೂರ ಇರಿ. ಅಂಚಿನಲ್ಲಿ ಮೊದಲ ಸ್ಕ್ರೂ ಮೂಲೆಯಿಂದ 70 ಎಂಎಂ ಒಳಗೆ, ಆಮೇಲೆ ಸುಮಾರು 150 ಎಂಎಂಗೆ ಒಂದು. ಮೂಲೆ ಗಟ್ಟಿಯಾಗಲಿ ಅಂತ ಅರ್ಧ ಇಂಚಿಗೇ ಒಂದು ಸ್ಕ್ರೂ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ನಿಮ್ಮ ಎರಡು ಸೀಳುಗಳಲ್ಲಿ ಒಂದಾದರೂ ಮೂಲೆಯಲ್ಲೇ ಆಗಿರುತ್ತದೆ, ಪಂದ್ಯ ಬೇಕಾದರೆ ಕಟ್ಟುತ್ತೇನೆ. ಮೈಯಲ್ಲಿ ಹಾಕುವಾಗ ಅಂಚಿನಿಂದ 12 ಎಂಎಂ, ಮೂಲೆಯಿಂದ 25 ಎಂಎಂ ಬಿಟ್ಟರೆ ಸಾಕು.

ಇನ್ನೊಂದು ತೂತಿದೆ, ಅದನ್ನು ಅನುಭವ ಇರುವವರೂ ಬಿಟ್ಟುಬಿಡುತ್ತಾರೆ. ಎರಡು ಹಲಗೆ ಸೇರಿಸುವಾಗ ಮೇಲಿನ ಹಲಗೆಯ ತೂತು ಸಡಿಲ ಇರಬೇಕು. ಸ್ಕ್ರೂ ಅದರೊಳಗೆ ತಿರುಗಿಸದೆಯೇ ಜಾರಿ ಹೋಗಬೇಕು. 8 ಗೇಜ್‌ಗೆ 4.5 ಎಂಎಂ, 6 ಗೇಜ್‌ಗೆ 4 ಎಂಎಂ ಬಿಟ್ ಹಾಕಿ. ಯಾಕೆಂದರೆ ಥ್ರೆಡ್ ಎರಡೂ ಹಲಗೆಯನ್ನು ಒಟ್ಟಿಗೆ ಕಚ್ಚಿದರೆ, ಶುರುವಿನಲ್ಲಿ ನಡುವೆ ಎಷ್ಟು ಸಂದು ಇತ್ತೋ ಕೊನೆವರೆಗೂ ಅಷ್ಟೇ ಉಳಿಯುತ್ತದೆ. ನೀವು ಎಷ್ಟು ಬಿಗಿ ಮಾಡಿದರೂ ಎರಡೂ ಒಟ್ಟಿಗೇ ನಡೆಯುತ್ತವೆ, ಹತ್ತಿರ ಬರುವುದಿಲ್ಲ. ನಿಮ್ಮ ಕಪಾಟಿನ ಹಿಂದೆ ಟಾರ್ಚ್ ಹಿಡಿದು ನೋಡಿ. ಜೋಡಣೆಯಲ್ಲಿ ದಾರದಷ್ಟು ಬೆಳಕು ಕಂಡರೆ ಅದು ಇದೇ ರೋಗ. ಜನ ಇನ್ನಷ್ಟು ಬಿಗಿ ಮಾಡುತ್ತಾರೆ, ಆಗ ಎಂಡಿಎಫ್ ಒಳಗಿನ ಥ್ರೆಡ್ ಪುಡಿಯಾಗಿ ಸ್ಕ್ರೂ ಸುತ್ತಲು ಶುರುವಾಗುತ್ತದೆ. ಜೊತೆಗೆ, ಅಂಚಿನ ತೂತಿನ ಬಾಯಿಯನ್ನು ಕೌಂಟರ್‌ಸಿಂಕ್ ಬಿಟ್‌ನಿಂದ, ಅಂದರೆ ತೂತಿನ ಬಾಯಿ ಅಗಲ ಮಾಡುವ ಬಿಟ್‌ನಿಂದ, ಒಂದೇ ಸುತ್ತು ಸವರಿ. ಥ್ರೆಡ್ ಒಳಹೊಕ್ಕಾಗ ಬಾಯಿಯ ಸುತ್ತ ಎಂಡಿಎಫ್ ಒಂದು ಸಣ್ಣ ಗುಡ್ಡದ ಹಾಗೆ ಮೇಲೇಳುತ್ತದೆ. ಆ ಗುಡ್ಡಕ್ಕೂ ಕೂರಲು ಜಾಗ ಬೇಕಲ್ಲ, ಇಲ್ಲದಿದ್ದರೆ ಸಂದು ಮುಚ್ಚುವುದಿಲ್ಲ.

ಈಗ ಆ ಕಪ್ಪು ಸ್ಕ್ರೂ. ಅದು ಜಿಪ್ಸಮ್ ಬೋರ್ಡಿಗೆಂದು ಹುಟ್ಟಿದ್ದು. ಫಾಲ್ಸ್ ಸೀಲಿಂಗ್‌ನವರು ತಂದರು, ಅಗ್ಗಕ್ಕೆ ಸಿಗುತ್ತದೆ, ಚೂಪಾಗಿದೆ, ಹಾಗಾಗಿ ಎಲ್ಲ ಕೆಲಸಕ್ಕೂ ಬಂದುಬಿಟ್ಟಿತು. ಉಕ್ಕಿಗೆ ಹದ ಕೊಟ್ಟು ಗಟ್ಟಿ ಮಾಡಿರುತ್ತಾರೆ. ಗಟ್ಟಿಯಾದದ್ದು ಬಾಗುವುದಿಲ್ಲ, ಪಟ್ ಎಂದು ಮುರಿಯುತ್ತದೆ. ಅದರ ತಲೆಯ ಕೆಳಭಾಗ ತುತ್ತೂರಿಯ ಬಾಯಿಯಂತೆ ಬಾಗಿರುವುದೂ ಜಿಪ್ಸಮ್‌ನ ಕಾಗದ ಹರಿಯದಿರಲಿ ಎಂದು. ಹಿಂಜ್‌ನ ಶಂಕುವಿನಾಕಾರದ ತೂತಿನಲ್ಲಿ ಅದು ಸರಿಯಾಗಿ ಕೂರುವುದೇ ಇಲ್ಲ. ಎಂಡಿಎಫ್‌ಗೆ ಅದನ್ನು ಹಾಕಲೇಬಾರದು ಅಂತ ನಾನು ಹೇಳುವುದಿಲ್ಲ. ಮೇಲಿಂದ ಕೆಳತನಕ ಒಂದೇ ದಪ್ಪ, ಥ್ರೆಡ್ ಅಗಲ, ಸರಿಯಾದ ತೂತು ಇದ್ದರೆ ಚೆನ್ನಾಗಿಯೇ ಹಿಡಿಯುತ್ತದೆ. ಎಂಡಿಎಫ್ ಅಂಚಿಗೆ ನಿಜವಾಗಿ ಆಗದಿರುವುದು ಹಳೇ ಮಾದರಿಯ ಮರದ ಸ್ಕ್ರೂ, ತಲೆಯ ಕೆಳಗೆ ಥ್ರೆಡ್ ಇಲ್ಲದೆ ನುಣ್ಣಗೆ ದಪ್ಪಗಿರುತ್ತದಲ್ಲ, ಅದು. ಕೆಳಗೆ ಸಣ್ಣ, ಮೇಲೆ ದಪ್ಪ. ಸೌದೆ ಸೀಳಲು ಇಡುವ ಬೆಣೆಯ ಕೆಲಸವನ್ನೇ ಮಾಡುತ್ತದೆ. ಅಂಗಡಿಯಲ್ಲಿ ಚಿಪ್‌ಬೋರ್ಡ್ ಸ್ಕ್ರೂ ಎಂದು ಕೇಳಿ, ಸತುವಿನ ಲೇಪ ಇರುವುದನ್ನು. ಮಂಗಳೂರು, ಕಾರವಾರದ ಕಡೆಯವರಾದರೆ ಕಪ್ಪು ಸ್ಕ್ರೂ ಆಸೆ ಪೂರ್ತಿ ಬಿಡಿ, ಎರಡು ಮಳೆಗಾಲಕ್ಕೆ ತುಕ್ಕಿನ ಕಲೆ ಹೊರಗೆ ಬರುತ್ತದೆ.

ಮಾಡ್ಯುಲರ್ ಕಿಚನ್‌ನವರು ಹಾಕುವ ಕನ್ಫರ್ಮ್ಯಾಟ್ ಸ್ಕ್ರೂ ನೋಡಿದ್ದೀರಾ? 7 ಎಂಎಂ ದಪ್ಪ, 50 ಎಂಎಂ ಉದ್ದ, ಮೊಂಡ ತುದಿ, ಅಲೆನ್ ಕೀಲಿ ಹಾಕಿ ತಿರುಗಿಸುವುದು. ಐದನೇ ಒಂದು ಭಾಗದ ಲೆಕ್ಕದಲ್ಲಿ ಇದು 18 ಎಂಎಂ ಅಂಚನ್ನು ಚೂರು ಮಾಡಬೇಕು. ಮಾಡುವುದಿಲ್ಲ. ಯಾಕೆಂದರೆ ಅದಕ್ಕೆ ಮೆಟ್ಟಿಲು ಬಿಟ್ ಅಂತ ಬೇರೆಯೇ ಇದೆ. ಅಂಚಿನಲ್ಲಿ 5 ಎಂಎಂ, ಮೇಲಿನ ಹಲಗೆಯಲ್ಲಿ 7 ಎಂಎಂ, ಒಂದೇ ಸಲಕ್ಕೆ ಕೊರೆಯುತ್ತದೆ. ನಡುವಿನ ಕಡ್ಡಿಗೆ ಬೇಕಾದ ಜಾಗ ಮೊದಲೇ ಖಾಲಿಯಾಗಿರುತ್ತದೆ, ಥ್ರೆಡ್ ಮಾತ್ರ ಹಲಗೆಯನ್ನು ಕತ್ತರಿಸಿಕೊಂಡು ಹೋಗುತ್ತದೆ. ನಾಲ್ಕಾರು ಕಪಾಟು ಮಾಡುವ ಯೋಚನೆ ಇದ್ದರೆ ಆ ಬಿಟ್ ಒಂದು ತೆಗೆದುಕೊಳ್ಳಿ. ಒಂದೇ ಕಪಾಟಿಗಾದರೆ ಬೇಡ.

ಬ್ಯಾಟರಿ ಡ್ರೈವರ್ ಬಗ್ಗೆ ಎರಡು ಮಾತು. ಕೈ ತಿರುಪುಳಿಯಲ್ಲಿ ತೇಗಕ್ಕೆ ಸ್ಕ್ರೂ ಇಳಿಸಬೇಕಾದರೆ ಬೈರಿಗೆಯಲ್ಲಿ ತೂತು ಕೊರೆಯದೆ ದಾರಿಯೇ ಇರಲಿಲ್ಲ, ಮಣಿಕಟ್ಟೇ ಬೇಡ ಎನ್ನುತ್ತಿತ್ತು. ಈಗ ಮೆಷಿನ್‌ಗೆ ನೋವಾಗುವುದಿಲ್ಲ, ಹಾಗಾಗಿ ತಪ್ಪು ಗೊತ್ತಾಗುವುದು ಮುರಿದ ಮೇಲೆ. ಡ್ರಿಲ್‌ನ ಮೂತಿಯ ಹತ್ತಿರ 1, 2, 3 ಅಂತ ನಂಬರು ಇರುವ ಬಳೆ ಇದೆಯಲ್ಲ, ಅದು ಕ್ಲಚ್. ಎಂಡಿಎಫ್‌ಗೆ 3ಕ್ಕೋ 4ಕ್ಕೋ ಇಟ್ಟು ಶುರು ಮಾಡಿ. ಸ್ಕ್ರೂ ಪೂರ್ತಿ ಇಳಿಯುವ ಮೊದಲೇ ಕಟಕಟ ಎಂದರೆ ಒಂದೊಂದೇ ನಂಬರು ಏರಿಸಿ. ಕೊನೆಯ ಎರಡು ಸುತ್ತು ಕೈ ತಿರುಪುಳಿಯಲ್ಲೇ ಮುಗಿಸಿ. ಎಂಡಿಎಫ್‌ನಲ್ಲಿ ಬಿಗಿಗೂ ಪುಡಿಗೂ ನಡುವೆ ಕಾಲು ಸುತ್ತು ಕೂಡ ಇರುವುದಿಲ್ಲ. ಬಿಟ್‌ನ ಮೂತಿಯೂ ಸ್ಕ್ರೂಗೆ ಹೊಂದಬೇಕು. ತಲೆಯ ಪ್ಲಸ್ ಗುರುತಿನ ನಡುವೆ ಇನ್ನೂ ನಾಲ್ಕು ಸಣ್ಣ ಗೀರು ಇದ್ದರೆ ಅದು ಪೋಝಿಡ್ರೈವ್, ಅದಕ್ಕೆ ಪಿಝಡ್2 ಬಿಟ್. ಗೀರು ಇಲ್ಲದ ಬರೀ ಪ್ಲಸ್ ಆದರೆ ಫಿಲಿಪ್ಸ್, ಪಿಎಚ್2. ಒಂದರದು ಇನ್ನೊಂದಕ್ಕೆ ಹಾಕಿದರೆ ಕೂತ ಹಾಗೆ ಕಾಣುತ್ತದೆ, ಒತ್ತಡ ಬಿದ್ದಾಗ ಜಾರಿ ತಲೆ ಸವೆಯುತ್ತದೆ.

ನಿಮ್ಮ ಹಿಂಜ್‌ಗೆ ಬರುತ್ತೇನೆ. ಸ್ಕ್ರೂ ಸುತ್ತುತ್ತಿದೆ ಎಂದರೆ ತೂತಿನ ಗೋಡೆ ಪುಡಿಯಾಗಿದೆ. ಇನ್ನೂ ದಪ್ಪ ಸ್ಕ್ರೂ ಹಾಕಿ ಎಂದು ಅಂಗಡಿಯವರು ಹೇಳಬಹುದು, ತೆಗೆದುಕೊಳ್ಳಬೇಡಿ. ಹಿಂಜ್‌ನ ತೂತಿನಲ್ಲಿ ಅದರ ತಲೆ ಎದ್ದು ನಿಂತು ಬಾಗಿಲು ಮುಚ್ಚುವುದಿಲ್ಲ. ಬಾಗಿಲಿಗೆ 35 ಎಂಎಂ ಗುಂಡಿ ಕೊರೆದು ಕೂರಿಸುವ ಹಿಂಜ್ ಆದರೆ ಅದಕ್ಕೆ 16 ಎಂಎಂ ಉದ್ದದ ಸಣ್ಣ ಸ್ಕ್ರೂಗಳೇ ಸಾಕು, ಎಲ್ಲವೂ ಮೈಗೆ ಬೀಳುತ್ತವೆ, ಅಂಚಿಗಲ್ಲ. ಕೆಟ್ಟ ತೂತಿಗೆ ಊದುಬತ್ತಿಯ ಕಡ್ಡಿ ತನ್ನಿ. ಉರಿದು ಮುಗಿದ ಮೇಲೆ ಉಳಿಯುವ ತುದಿಯೇ ಸಾಕು. ಅದು ಬಿದಿರು, ಬೆಂಕಿಕಡ್ಡಿಗಿಂತ ಎಷ್ಟೋ ಗಟ್ಟಿ. ಫೆವಿಕಾಲ್‌ನಲ್ಲಿ ಅದ್ದಿ, ಎರಡೋ ಮೂರೋ ಹಿಡಿಯುವಷ್ಟು ತೂರಿಸಿ, ಮೈ ಮಟ್ಟಕ್ಕೆ ಕತ್ತರಿಸಿ. ಒಂದು ರಾತ್ರಿ ಬಿಡಿ. ಬೆಳಿಗ್ಗೆ 2 ಎಂಎಂ ಬಿಟ್‌ನಲ್ಲಿ ನಡುವೆ ಹೊಸ ತೂತು ಕೊರೆದು ಸ್ಕ್ರೂ ಹಾಕಿ. ಬಾಗಿಲು ಭಾರ ಇದ್ದರೆ ಈ ಕಡ್ಡಿ ಕೆಲಸ ಬೇಡ, 8 ಎಂಎಂ ತೂತು ಕೊರೆದು ಮರದ ಗೂಟವನ್ನೇ ಅಂಟು ಹಾಕಿ ಬಡಿದು ಕೂರಿಸಿ. ಹಲಗೆ 18 ಎಂಎಂ ಮಾತ್ರ, ಬಿಟ್ ಆಚೆ ಬರದ ಹಾಗೆ ಟೇಪ್ ಗುರುತು ಮರೆಯಬೇಡಿ.

ಆಮೇಲೆ ಒಂದು ಅಭ್ಯಾಸ ಮಾಡಿಕೊಳ್ಳಿ. ಹಿಂಜ್ ಹೊಂದಿಸುವಾಗ ಸ್ಕ್ರೂ ಬಿಚ್ಚಿ ಮತ್ತೆ ಹಾಕಬೇಕಾಗುತ್ತದೆ. ಪ್ರತಿ ಸಲ ಹೊಸ ದಾರಿ ಕೊರೆದುಕೊಂಡು ಹೋದರೆ ಮೂರನೇ ಸಲಕ್ಕೆ ತೂತು ಮುಗಿಯಿತು. ಓಲೆಯ ತಿರುಪು ಹಾಕುವಾಗ ಅಮ್ಮಂದಿರು ಮೊದಲು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ, ಕಚ್ಚಿತು ಅಂತ ಬೆರಳಿಗೆ ಗೊತ್ತಾದ ಮೇಲೆ ಮುಂದಕ್ಕೆ ತಿರುಗಿಸುವುದನ್ನು ನೋಡಿದ್ದೀರಲ್ಲ, ಅದೇ ಇಲ್ಲೂ. ಸ್ಕ್ರೂವನ್ನು ತೂತಿಗಿಟ್ಟು ಕೈಯಲ್ಲಿ ಎಡಕ್ಕೆ ನಿಧಾನ ತಿರುಗಿಸಿ. ಒಂದು ಕಡೆ ಸಣ್ಣಗೆ ‘ಟಕ್’ ಎಂದು ಕೆಳಗೆ ಬೀಳುತ್ತದೆ. ಹಳೇ ಥ್ರೆಡ್‌ನ ಬಾಯಿ ಅದು. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಹಳೇ ದಾರಿಯಲ್ಲೇ ಇಳಿಯುತ್ತದೆ.

ತೇಗದ ಬೀರುವಿನೊಳಗೆ ಉಳಿದ ತುಂಡು ಮೇಲೆ ಸ್ವಲ್ಪ ಚಾಚಿಕೊಂಡಿದ್ದರೆ ಇಕ್ಕಳದಲ್ಲಿ ಹಿಡಿದು ಹಿಂದಕ್ಕೆ ತಿರುಗಿಸಿ. ಒಳಗೇ ಹೂತುಹೋಗಿದ್ದು, ಹಿಂಜ್‌ನ ಜಾಗ ಬದಲಿಸಲು ಆಗದಿದ್ದರೆ, 2 ಎಂಎಂ ಬಿಟ್‌ನಲ್ಲಿ ಅದರ ಸುತ್ತ ಒತ್ತೊತ್ತಾಗಿ ತೂತು ಕೊರೆದು, ತುಂಡನ್ನು ಅಲ್ಲಾಡಿಸಿ ಎಳೆಯಿರಿ. ಬಿಟ್ ಕಬ್ಬಿಣಕ್ಕೆ ತಾಗಿದರೆ ಹೋಯಿತು, ಕೈ ಹಗುರ ಇರಲಿ. ಉಳಿದ ಗುಂಡಿಯನ್ನು ಗುಂಡಗೆ ಕೊರೆದು ತೇಗದ್ದೇ ಗೂಟ ಅಂಟಿಸಿ. ಗೂಟದ ನಾರು ಹಲಗೆಯ ನಾರಿನ ದಿಕ್ಕಿಗೇ ಇದ್ದರೆ ಒಳ್ಳೆಯದು. ಮಾಮೂಲಿ ದುಂಡು ಗೂಟ ಹಾಕಿದರೆ ಸ್ಕ್ರೂ ಅದರ ನಾರಿನ ಉದ್ದಕ್ಕೇ ಹೋಗುತ್ತದೆ, ಹಿಡಿತ ಕಮ್ಮಿ. ಹೊಸ ಸ್ಕ್ರೂ ಹಾಕುವ ಮುಂಚೆ ಥ್ರೆಡ್‌ಗೆ ಮೇಣದಬತ್ತಿ ಉಜ್ಜಿ. ಸೋಪು ಉಜ್ಜುವವರಿದ್ದಾರೆ, ಸೋಪು ತೇವ ಎಳೆದು ತುಕ್ಕು ತರಿಸುತ್ತದೆ. ಹಳೇ ಹಿಂಜ್ ಹಿತ್ತಾಳೆಯದಾಗಿದ್ದು, ಹಿತ್ತಾಳೆ ಸ್ಕ್ರೂವನ್ನೇ ಹಾಕುವ ಆಸೆ ಇದ್ದರೆ, ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಇಳಿಸಿ ದಾರಿ ಮಾಡಿ, ಬಿಚ್ಚಿ, ಆಮೇಲೆ ಹಿತ್ತಾಳೆಯದನ್ನು ಕೈಯಲ್ಲಿ ತಿರುಗಿಸಿ. ಹಿತ್ತಾಳೆ ಮೆದು, ದಾರಿ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ.

ಇನ್ನು ಆ ಸೀಳಿದ ಅಂಚುಗಳು. ಸರಿಮಾಡಬಹುದು. ಸ್ಕ್ರೂ ಬಿಚ್ಚಿ. ಸೀಳಿನ ಬಾಯಿಯನ್ನು ತೆಳುವಾದ ಚಾಕುವಿನಿಂದ ಸ್ವಲ್ಪವೇ ಅಗಲಿಸಿ, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಒಂಚೂರು ನೀರು ಬೆರೆಸಿದ ಫೆವಿಕಾಲ್ ತುಂಬಿ ಒಳಗೆ ಬಿಡಿ. ಎರಡೂ ಮೈಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಮೇಲೊಂದು ಕೆಳಗೊಂದು ಪಟ್ಟಿ ಇಟ್ಟು, ಸಿ ಕ್ಲ್ಯಾಂಪ್ ಬಿಗಿದು 24 ಗಂಟೆ ಮುಟ್ಟಬೇಡಿ. ಆಮೇಲೆ ಹೊಸ ಸ್ಕ್ರೂವನ್ನು ಹಳೇ ತೂತಿನಿಂದ ಎರಡು ಇಂಚು ದೂರ, ಅಂಚಿನ ನಟ್ಟನಡುವೆ, ಅಂದರೆ ಮೈಯಿಂದ 9 ಎಂಎಂ ಒಳಗೆ ಗುರುತು ಹಾಕಿ ಹಾಕಿ. ಕೊರೆಯುವಾಗಲೂ ತಿರುಗಿಸುವಾಗಲೂ ಕ್ಲ್ಯಾಂಪ್ ಅಲ್ಲೇ ಇರಲಿ, ಅಂಚು ಬಾಯಿ ಬಿಡಲು ಅದು ಬಿಡುವುದಿಲ್ಲ. ಜೋಡಣೆಯ ಉದ್ದಕ್ಕೂ ಫೆವಿಕಾಲ್ ಹಚ್ಚಿ. ಅಂಟು ಒಣಗಿದ ಮೇಲೆ ಭಾರ ಹೊರುವುದು ಹೆಚ್ಚಾಗಿ ಅದೇ, ಸ್ಕ್ರೂ ಅಲ್ಲಿಯವರೆಗೆ ಹಿಡಿದುಕೊಂಡಿದ್ದರೆ ಸಾಕು. ಪುಸ್ತಕ ಜೋಡಿಸುವುದನ್ನು ಮಾತ್ರ ಮರುದಿನಕ್ಕೆ ಇಟ್ಟುಕೊಳ್ಳಿ.